ಒಲೆಯ ಪಕ್ಕದ ಮಡಕೆ

ಅಜ್ಜಂಪುರ,
೧೪ನೇ ಫೆಬ್ರವರಿ ೧೯೨೯

ಪ್ರೀತಿಯ ಕಾಮಾಕ್ಷಿ,

ಹೇಗಿದ್ದೀ? ಕಾಲಿನ ಊತ ಇಳಿಯಿತೇ? ಸಿಂಗಟಗೆರೆಯ ಎಳನೀರು ದಿನವೂ ಕುಡಿಯುತ್ತಿದ್ದೀ ತಾನೆ? ತವರಿನಲ್ಲಿದ್ದೂ ಅರೆಹೊಟ್ಟೆಯಲ್ಲಿ ಏಳಬೇಡ. ನಾನು ನನ್ನದೇ ಕೈಯಡುಗೆ ಉಂಡೂ ಸುಖವಾಗಿದ್ದೇನೆ, ನಂಬು.

ಹಾಳೂರ ದಿಬ್ಬದ ಅಗೆತ ಜೋರಾಗಿ ನಡೆದಿದೆ. ನಕ್ಷೆ ಬರೆದು ಬರೆದು ನನ್ನ ಬೆರಳೆಲ್ಲ ಮಸಿ. ಎರಡು ಸಾವಿರ ವರ್ಷದ ಹಿಂದಿನ ಊರಂತೆ. ಈ ಬಯಲಿನಲ್ಲಿ ಏನನ್ನು ನಂಬಿ ಮನೆ ಕಟ್ಟಿದರೋ ಎಂದುಕೊಂಡಿದ್ದೆ. ಈಗ ಒಂದೊಂದೇ ಕಾಣುತ್ತಿದೆ. ಹಳ್ಳದ ನೀರು ನಿಲ್ಲಿಸಲು ಕಲ್ಲಿನ ಒಡ್ಡು, ಕಾಳು ತುಂಬಿಡುವ ಹಗೇವು, ಕೆಮ್ಮಣ್ಣುಗುಂಡಿಯ ಕಡೆಯಿಂದ ಅದಿರು ಹೊತ್ತು ತಂದು ಕರಗಿಸಿದ ಕುಲುಮೆ, ಅದರ ಸುತ್ತ ರಾಶಿ ರಾಶಿ ಕಬ್ಬಿಣದ ಕಿಟ್ಟ. ಒಂದು ಮನೆಯಲ್ಲಿ ಒಲೆಯ ಪಕ್ಕ ಅರೆಯುವ ಕಲ್ಲು ಹಾಗೇ ಕೂತಿತ್ತು, ನಡುವೆ ಸವೆದು. ನಿನ್ನನ್ನು ಕರೆದು ತೋರಿಸಬೇಕೆನಿಸಿತು.

ಮುಂದಿನದನ್ನು ಬಸುರಿಗೆ ಬರೆಯಬಾರದೆನ್ನುತ್ತಾರೆ. ನಿನಗಲ್ಲದೆ ಯಾರಿಗೆ ಬರೆಯಲಿ? ಸೋಮವಾರ ಆ ಒಲೆಯ ಹತ್ತಿರ ನೆಲ ಕೆರೆಯುವಾಗ ಮುಚ್ಚಿದ ಮಡಕೆಯೊಂದು ಸಿಕ್ಕಿತು. ಒಳಗೆ ಹಸುಗೂಸಿನ ಎಲುಬು, ಜೊತೆಗೆ ಪುಟ್ಟ ಪುಟ್ಟ ಮಣಿ. ಮಣ್ಣು ಹೊರುವ ಲಿಂಗಮ್ಮ ಬುಟ್ಟಿ ಕೆಳಗಿಟ್ಟು ಕೂತುಬಿಟ್ಟಳು. "ದೂರ ಕಳ್ಸಕ್ಕೆ ಮನ್ಸು ಬಂದಿಲ್ಲ ಕಣ್ರೀ ಆ ತಾಯಿಗೆ. ಒಲೆ ಪಕ್ಕ ಬೆಚ್ಚಗೆ ಮಲಗ್ಸವ್ಳೆ" ಎಂದಳು.

ನನಗೆ ನಿನ್ನ ಮಾತು ನೆನಪಾಯಿತು. ಹೋದ ವರ್ಷ ನಮ್ಮ ಕೂಸನ್ನು ಮಣ್ಣು ಮಾಡಿ ಬಂದಾಗ ನೀನು, "ಊರಾಚೆ ಒಂಟಿಯಾಗಿ ಬಿಟ್ಟು ಬಂದ್ರಲ್ರೀ" ಎಂದಿದ್ದೆ. ಹುಚ್ಚು ಮಾತೆಂದು ಎಲ್ಲರೂ ನಿನ್ನ ಬಾಯಿ ಮುಚ್ಚಿಸಿದರು. ಆಮೇಲೆ ನೀನು ಆ ಮಾತನ್ನೇ ಎತ್ತಲಿಲ್ಲ. ಹುಚ್ಚಲ್ಲ ಕಾಮಾಕ್ಷಿ. ಅಷ್ಟು ಹಿಂದೆಯೂ ಒಬ್ಬ ತಾಯಿಗೆ ಹಾಗೇ ಅನಿಸಿತ್ತು.

ಮಡಕೆಯನ್ನು ಪೆಟ್ಟಿಗೆಯಲ್ಲಿಟ್ಟು ಮ್ಯೂಸಿಯಮ್ಮಿಗೆ ಕಳಿಸಬೇಕೆಂದು ನಮ್ಮ ಅಧಿಕಾರಿಗಳು ಹೇಳಿದಾಗ ಮೊದಲ ಬಾರಿಗೆ ಎದುರು ಮಾತಾಡಿದೆ. "ಒಂದು ಗೆರೆ ಬಿಡದೆ ಬರ್ಕೊಡ್ತೀನಿ ಸ್ವಾಮಿ, ಕೂಸು ಇಲ್ಲೇ ಇರ್ಲಿ" ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಕತ್ತಲಾಗೋದ್ರೊಳಗೆ ಮುಗಿಸಿ" ಎಂದರು. ಬರೆದು ಮುಗಿಸಿದ ಮೇಲೆ ಲಿಂಗಮ್ಮನೂ ನಾನೂ ಮಣ್ಣು ಎಳೆದೆವು. ಅವಳು ಸೆರಗಿನಲ್ಲಿದ್ದ ಮಂಡಕ್ಕಿ ಬಿಚ್ಚಿ ಮೇಲಿಟ್ಟಳು.

ಅತ್ತೆ ಮಾವನವರಿಗೆ ನನ್ನ ಶರಣು ತಿಳಿಸು. ಶಿವ ನಿನ್ನನ್ನೂ ನಿನ್ನೊಳಗಿನ ಜೀವವನ್ನೂ ಕಾಯಲಿ.

ನಿನ್ನವನೇ,
ಸೋಮಶೇಖರಪ್ಪ

ತಾ.ಕ.: ಟಪಾಲಿನವನು ಹೊರಟಿದ್ದಾನೆ. ನನಗೆ ರಜೆ ಸಿಕ್ಕಿದೆ. ಭಾನುವಾರ ರೈಲಿನಲ್ಲಿ ಕಡೂರಿಗೆ ಬಂದು, ಅಲ್ಲಿಂದ ಗಾಡಿ ಹಿಡಿಯುತ್ತೇನೆ. ಹೆರಿಗೆಗೆ ಮೊದಲೇ ಅಳಿಯ ಬಂದು ಕೂರುವುದು ಪದ್ಧತಿಯಲ್ಲವೆಂದು ಅತ್ತೆ ಮುನಿದರೆ ಮುನಿಯಲಿ, ಜಗಲಿಯ ಮೇಲೆ ಮಲಗುತ್ತೇನೆ. ಹೋದ ಸಲ ನಾನು ಬರುವಷ್ಟರಲ್ಲಿ ಕೂಸಿನ ಉಸಿರು ನಿಂತಿತ್ತು. ಈ ಸಲ ಕೂಸು ಹುಟ್ಟಿ ಅಳುವಾಗ ಗೋಡೆಯ ಈಚೆ ನಾನಿರುತ್ತೇನೆ.