ನೀಲಿ ಬಾಗಿಲಿನ ಅಮ್ಮ

ಜೂನ್ 4, ಬೆಳಿಗ್ಗೆ

'ಮುನಿದವರ ಮನೆಯಲ್ಲೂ ಹಾಲು ಆರುತ್ತದೆ...' ಎಲ್ಲಿ ಓದಿದ ಸಾಲು? ಎಂ.ಎ. ಓದುವಾಗ ಯಾರೋ ಬೋರ್ಡಿನ ಮೇಲೆ ಬರೆದಿದ್ದರೇ? ಮುಂದಿನದು ಮರೆತಿದೆ. ಅಸಲಿಗೆ 'ಆರುತ್ತದೆ' ಅಂತಲೇ ಇತ್ತೋ, 'ಉಕ್ಕುತ್ತದೆ' ಅಂತಲೋ? ಆರಿದರೆ, ಕುಡಿಯಲು ಯಾರೂ ಬರಲಿಲ್ಲ. ಉಕ್ಕಿದರೆ, ಒಲೆಯ ಹತ್ತಿರ ಯಾರೂ ಇರಲಿಲ್ಲ. ಯಾವುದು ದೊಡ್ಡ ಮುನಿಸು?

ನನ್ನ ಲೋಟದಲ್ಲಿ ಕೆನೆ ಕಟ್ಟಿತು. ಒಳಗೆ ಅಕ್ಕ ಆಗಲೇ ಶುರು ಮಾಡಿದ್ದಳು.

"ಅಂಗಡೀಲೂ ಹಾಸಿಗೆ, ಮನೆಗೆ ಬಂದ್ರೂ ಹಾಸಿಗೆ! ನಾನೇನು ದಿಂಬಾ?"

ನಾಳೆ ರೆಕಾರ್ಡಿಂಗ್. ಗೋಡೆಗೆ ಮುಖ ಕೊಟ್ಟು ನಿಂತೇ ಅಭ್ಯಾಸ. ಹಾಗೆ ನಿಂತರೆ ದನಿ ತನಗೇ ವಾಪಸು ಬರುತ್ತದಂತೆ. ಸಾಲು ನಾನು ಬರೆದದ್ದು. ದಿಂಬು ಅವಳ ಸೇರ್ಪಡೆ. ಕಾರ್ಟೂನ್ ಬೊಂಬೆಯ ಬಾಯಿಗೆ ಎಷ್ಟು ಸರಿಯಾಗಿ ಕೂತಿದೆ! ಎಂ.ಎ. ಮಾಡಿದವಳಿಗೆ ಹೊಳೆಯಲಿಲ್ಲ ನೋಡು.

ಜೂನ್ 5

ಒಂದೇ ಸಾಲಿಗೆ ನಾಲ್ಕು ಟೇಕ್. ಮೇಲಿನ ಸ್ವರಕ್ಕೆ ಹೋದಾಗ ಅಕ್ಕನ ದನಿ ಗರಗರ ಎನ್ನುತ್ತಿದೆ. ಸೌಂಡ್ ಇಂಜಿನಿಯರ್ ಒಳ್ಳೆಯವನು. "ಮೈಕ್ ಸರಿ ಇಲ್ಲ ಅಕ್ಕಾ, ಇನ್ನೊಂದ್ಸಲ," ಅಂದ. ಮೈಕ್ ಸರಿಯಾಗಿಯೇ ಇತ್ತು. ಅಕ್ಕ ಫ್ಲಾಸ್ಕಿನಿಂದ ಬಿಸಿನೀರು ಕುಡಿದು, "ನಿನ್ನ ಮೈಕಿಗೆ ವಯಸ್ಸಾಯ್ತು ಕಣೋ," ಅಂದಳು.

ಹದಿನೆಂಟು ವರ್ಷದಿಂದ 'ನೀಲಿ ಬಾಗಿಲು' ಕಾರ್ಟೂನಿನ ಅಮ್ಮನಿಗೆ ಅವಳದೇ ದನಿ. ಆ ಅಮ್ಮನಿಗೆ ಮೂವತ್ತಾರು. ಆಗಲೂ ಮೂವತ್ತಾರು, ಈಗಲೂ. ಅಕ್ಕನಿಗೆ ಬರುವ ವರ್ಷ ಅರವತ್ತು.

ಜೂನ್ 9

ಮ್ಯಾನೇಜರ್ ಕರೆದಿದ್ದ. ಈ ಸ್ಟುಡಿಯೋಗೆ ಅನ್ನ ಹಾಕಿದ್ದು ಎರಡು ಕಾರ್ಟೂನ್ ಸಂಸಾರ — 'ನೀಲಿ ಬಾಗಿಲು', 'ಆರನೇ ಮಹಡಿ'. ಎರಡಕ್ಕೂ ನಮ್ಮ ಭಾಷೆಯಲ್ಲಿ ಮಾತು ಕೂರಿಸುವವಳು ನಾನು. ಚಾನೆಲ್‌ನವರು ಇನ್ನು ಒಂದನ್ನೇ ಇಟ್ಟುಕೊಳ್ಳುತ್ತಾರಂತೆ.

"ಎರಡೂ ಮನೆ ಒಳಹೊರಗು ಗೊತ್ತಿರೋದು ನಿಮಗೊಬ್ಬರಿಗೇ ಮೇಡಂ. ಅವರ ಮುಂದೆ ಹೋಲಿಸಿ ಹೇಳಿ. ಯಾವುದು ಉಳೀಬೇಕು, ಯಾಕೆ. ನಿಮ್ಮ ಮಾತೇ ಫೈನಲ್ ಅನ್ಕೊಳ್ಳಿ."

'ಆರನೇ ಮಹಡಿ' ಉಳಿದರೆ ಅಕ್ಕನಿಗೆ ಕೆಲಸವಿಲ್ಲ. ಇಬ್ಬರಿಗೂ ಅದು ಗೊತ್ತು. ಅವನೂ ಹೇಳಲಿಲ್ಲ, ನಾನೂ.

ಜೂನ್ 12

ಹಳೆಯ ಕಂತುಗಳನ್ನು ಹಾಕಿಕೊಂಡು ಕೂತೆ.

'ನೀಲಿ ಬಾಗಿಲು': ಅಪ್ಪ ಹಾಸಿಗೆ ಮಾರುತ್ತಾನೆ, ಮಾರುವ ಹಾಸಿಗೆಯ ಮೇಲೇ ಮಲಗುತ್ತಾನೆ. ಅಮ್ಮ ಬೈಯುತ್ತಾಳೆ. ಮಕ್ಕಳು ಊರಿಗೇ ಬೆಂಕಿ ಹಚ್ಚುತ್ತಾರೆ. ಮನೆ ಸುಟ್ಟಿದೆ, ಹೊಳೆಯಲ್ಲಿ ತೇಲಿದೆ, ಒಮ್ಮೆ ಅಪ್ಪ ಅದನ್ನು ಒಂದು ಸೋಫಾಗೆ ಬದಲಾಯಿಸಿಕೊಂಡಿದ್ದಾನೆ. ಮುಂದಿನ ವಾರ ನೀಲಿ ಬಾಗಿಲು ಇದ್ದಲ್ಲೇ. ಯಾರಿಗೂ ಏನೂ ನೆನಪಿಲ್ಲ. ಕ್ಷಮೆ ಕೇಳುವ ಪ್ರಸಂಗವೇ ಇಲ್ಲ. ಕಂತು ಮುಗಿದರೆ ಆಯಿತು.

'ಆರನೇ ಮಹಡಿ': ಅಪ್ಪ ಲಿಫ್ಟ್ ರಿಪೇರಿಯವನು, ಲಿಫ್ಟ್ ಕಂಡರೆ ಹೆದರಿಕೆ. ಜಗಳ ಇಲ್ಲೂ ಅಷ್ಟೇ. ಆದರೆ ಎರಡನೇ ವರ್ಷ ಅವನು ಎಸೆದ ತಟ್ಟೆಯಿಂದ ಗೋಡೆಯಲ್ಲಿ ಬಿದ್ದ ಬಿರುಕು ಇವತ್ತಿಗೂ ಇದೆ. ಮೊದಲು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದರು. ಈಗ ಹಾಗೇ ಬಿಟ್ಟಿದ್ದಾರೆ. ಮನೆ ಬಿಟ್ಟು ಹೋದ ಮಗಳು ನಾಲ್ಕು ವರ್ಷದ ಮೇಲೆ ಬಂದಾಗ ಅಪ್ಪ ಬಾಗಿಲು ತೆಗೆದು, "ಚಪ್ಪಲಿ ಒರೆಸ್ಕೊಂಡು ಬಾ," ಎಂದನಷ್ಟೆ. ಆ ಸಾಲು ಬರೆಯಲು ನನಗೆ ಎರಡು ದಿನ ಹಿಡಿದಿತ್ತು. ಅಮ್ಮನ ತಲೆಯಲ್ಲಿ ವರ್ಷಕ್ಕೊಂದು ಬಿಳಿ ಗೆರೆ. ಎಲ್ಲೋ ಯಾರೋ ಕೂತು ಪ್ರತಿ ವರ್ಷ ಅದನ್ನು ಎಳೆಯುತ್ತಾರಲ್ಲ!

ಯಾವುದು ದೊಡ್ಡದು ಅಂತ ಯೋಚಿಸಬೇಕಾಗಿಯೇ ಇಲ್ಲ. ಅದೇ ಕಷ್ಟ.

ಜೂನ್ 13

ಪಕ್ಕದ ಮನೆಗೆ ಹೊಸದಾಗಿ ಬಂದ ನರ್ಸ್ ಮೆಟ್ಟಿಲಲ್ಲಿ ಸಿಕ್ಕಳು. ಅಕ್ಕನ ಕೋಣೆಯ ಗೋಡೆಯಾಚೆಗೇ ಅವಳ ಕೋಣೆ. ಎರಡು ಮೆಟ್ಟಿಲು ಇಳಿದವಳು ನಿಂತು, ದನಿ ತಗ್ಗಿಸಿ, "ಯಜಮಾನ್ರಿಗೆ ನಿದ್ದೆ ಜಾಸ್ತಿ ಅಲ್ವಾ? ಒಂದ್ಸಲ ಥೈರಾಯ್ಡ್ ಟೆಸ್ಟ್ ಮಾಡಿಸ್ಬಿಡಿ ಅಕ್ಕಾ," ಅಂದಳು. ಯಾವ ಯಜಮಾನರು? ಕೇಳುವಷ್ಟರಲ್ಲಿ ಡ್ಯೂಟಿಗೆ ಹೊತ್ತಾಯಿತೆಂದು ಓಡಿದಳು. ಭಾವ ಹೋಗಿ ಇಪ್ಪತ್ತು ವರ್ಷ. ನನಗಂತೂ ಯಜಮಾನರೇ ಇಲ್ಲ. ಬೇರೆ ಯಾರ ಮನೆಯೋ ಅಂದುಕೊಂಡಿರಬೇಕು.

ಜೂನ್ 18

ಊಟದ ಹೊತ್ತಿಗೆ ಅಕ್ಕನೇ ಮಾತು ತೆಗೆದಳು.

"ಮೀಟಿಂಗಂತಲ್ಲೇ ಪುಟ್ಟಿ?"

ನಲವತ್ತೆಂಟಾದರೂ ನಾನು ಪುಟ್ಟಿ.

"ಹೂಂ."

"ಯಾವುದು ಒಳ್ಳೇದು ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಆ ಮಗಳು ವಾಪಸ್ ಬಂದ ಕಂತು ನೋಡಿ ನಾನು ಅತ್ತಿದೀನಿ. ನಮ್ಮದರಲ್ಲಿ ಯಾವತ್ತಾದ್ರೂ ಅತ್ತಿದೀನಾ? ಗಂಟಲು ಕೆಟ್ಟಿದ್ದು ಬಿಟ್ರೆ?"

"ಹಾಗಲ್ಲ ಅಕ್ಕ..."

"ಅಲ್ಲಿ ನನ್ನ ಮುಖ ನೆನೆಸ್ಕೊಂಡು ಮಾತಾಡ್ಬೇಡ. ಅಷ್ಟೇ. ಮೊಸರು ಹಾಕ್ಕೋ."

ಜೂನ್ 23, ಸಂಜೆ

ಅಕ್ಕನ ಮುಖವನ್ನೇ ನೆನೆಸಿಕೊಂಡು ಮಾತಾಡಿದೆ.

'ನೀಲಿ ಬಾಗಿಲು' ಉಳಿಯಲಿ ಎಂದೆ. 'ಆರನೇ ಮಹಡಿ' ಭಾರ, ದಿನದ ಕೊನೆಗೆ ಯಾರಿಗೆ ಬೇಕು ಎಂದೆ. ನೀಲಿ ಬಾಗಿಲಿನ ಮನೆಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ, ನೋಡುವವರು ಎಷ್ಟು ವರ್ಷ ಬಿಟ್ಟು ಬಂದರೂ ಅದೇ ಮನೆ, ಅದೇ ಅಮ್ಮ. ಕೊನೆಗೆ ಒಂದು ಮಾತು ತಾನಾಗಿ ಬಂತು — "ಕಾಲಕ್ಕೆ ಆ ಮನೆಯ ವಿಳಾಸ ಗೊತ್ತಿಲ್ಲ." ಚಾನೆಲ್‌ನವರು ತಲೆದೂಗಿದರು. ಮ್ಯಾನೇಜರ್ ಬರೆದುಕೊಂಡ. ನನಗೂ ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಹೇಳುತ್ತಿದ್ದೇನೆ ಅನ್ನುವುದೇ ಮರೆಯುವಷ್ಟು.

ಸೌಂಡ್ ಇಂಜಿನಿಯರ್ ಮೂಲೆಯಲ್ಲಿ ವೈರ್ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

ಜುಲೈ 1

'ನೀಲಿ ಬಾಗಿಲು' ಉಳಿಯಿತು! ಅಕ್ಕ ಎರಡು ಸಲ ಕಾಫಿ ಮಾಡಿದಳು. ಎರಡನೆಯದಕ್ಕೆ ಸಕ್ಕರೆ ಹಾಕಲು ಮರೆತಿದ್ದಳು. ಕುಡಿದೆ.

ಜುಲೈ 6

ಮ್ಯಾನೇಜರ್ ಬಾಗಿಲು ಮುಂದೆ ಮಾಡಿ ಕೂತ.

"ಮೇಡಂ, ಕಾಲಕ್ಕೆ ಆ ಮನೆಯ ವಿಳಾಸ ಗೊತ್ತಿಲ್ಲ ಅಂದ್ರಲ್ಲ, ಚಾನೆಲ್ ಅವರಿಗೆ ಭಾಳ ಹಿಡಿಸ್ತು. ಅದನ್ನೇ ಜಾಹೀರಾತಿಗೂ ಹಾಕ್ತಾರೆ. ಆದ್ರೆ... ಅಕ್ಕನ ದನಿ ಕೇಳಿದ್ರೆ ಕಾಲಕ್ಕೆ ವಿಳಾಸ ಸಿಕ್ಬಿಟ್ಟಿದೆ ಅನ್ಸುತ್ತೆ ಅಲ್ವಾ?"

ಕೈಯಲ್ಲಿದ್ದ ಸ್ಕ್ರಿಪ್ಟ್ ಮಡಿಸಿಟ್ಟೆ.

"ಅಮ್ಮನಿಗೆ ಮೂವತ್ತಾರು. ದನಿಯೂ ಹಂಗೇ ಇರ್ಬೇಕಂತೆ. ಒಂದು ಹುಡುಗಿ ನೋಡಿದೀವಿ. ಬೇಜಾರ್ ಮಾಡ್ಕೋಬೇಡಿ. 'ಆರನೇ ಮಹಡಿ' ಉಳಿದಿದ್ರೆ ಮುಂದಿನ ವರ್ಷದಿಂದ ಅದ್ರಲ್ಲಿ ಅಜ್ಜಿ ಬರೋರಿದ್ರು. ಆ ಪಾತ್ರ ಅಕ್ಕನಿಗೇ ಅಂತ ನಾನು ಮನಸಲ್ಲಿ ಇಟ್ಕೊಂಡಿದ್ದೆ."

ನಡೆದುಕೊಂಡೇ ಮನೆಗೆ ಬಂದೆ. ದಾರಿಯ ಯಾವ ಅಂಗಡಿಯೂ ನೆನಪಿಲ್ಲ.

ಜುಲೈ 8

ಅಕ್ಕನಿಗೆ ಮ್ಯಾನೇಜರೇ ಹೇಳಿದ್ದಾನೆ. ಬಂದವಳು ಫ್ಲಾಸ್ಕ್ ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟಳು. ದಿನಾ ಒಲೆಯ ಪಕ್ಕ ಇಡುತ್ತಿದ್ದದ್ದು.

"ಹುಡುಗಿ ಚೆನ್ನಾಗಿದಾಳೆ. ಗಂಟಲು ಹಗುರ."

ಈಗ ಹೇಳಬೇಕಿತ್ತು. ಆ ಮಾತು ನನ್ನದು ಅಂತ. ನಾಳೆ ಹೇಳುತ್ತೇನೆ.

ಜುಲೈ 21

ಹೇಳಿಲ್ಲ.

ಅಭ್ಯಾಸ ನಿಂತ ಮೇಲೆ ಮನೆ ಎಷ್ಟು ಸದ್ದಿಲ್ಲದೆ ಇದೆ. ಅಕ್ಕ ಬೇಗ ಏಳುತ್ತಾಳೆ, ಗಿಡಕ್ಕೆ ನೀರು ಹಾಕುತ್ತಾಳೆ, ಪೇಪರ್ ಪೂರ್ತಿ ಓದುತ್ತಾಳೆ. ಕೇಳಿದ್ದಕ್ಕಷ್ಟೇ ಉತ್ತರ. ಕೋಪವಿದೆಯೇ? ಗೊತ್ತಾಗುವುದಿಲ್ಲ. ನಾವಿಬ್ಬರೂ ಯಾವತ್ತು ಜಗಳ ಆಡಿದ್ದೇವೆ? ಜಗಳವನ್ನೆಲ್ಲ ನಾನು ಬರೆದೆ, ಅವಳು ಆಡಿದಳು. ಎಲ್ಲ ಆ ಮನೆಗೆ ಹೋಯಿತು.

ಸ್ಟುಡಿಯೋದಲ್ಲಿ ಹೊಸ ಹುಡುಗಿ ಕೇಳಿದಳು — "ಮೇಡಂ, ಇಷ್ಟುದ್ದದ ಬೈಗುಳದಲ್ಲಿ ಉಸಿರು ಎಲ್ಲಿ ತಗೊಳ್ಳೋದು?" ಅಕ್ಕನನ್ನು ಕೇಳಬೇಕು, ಅಂದೆ. ಕೇಳಲಿಲ್ಲ.

ಆಗಸ್ಟ್ 9, ಬೆಳಿಗ್ಗೆ

ಮರೆಯುವ ಮುಂಚೆ ಬರೆಯುತ್ತೇನೆ.

ಹಾಲು ಕಾಯಲಿಟ್ಟಿದ್ದೆ. ಅಕ್ಕ ಪೇಪರ್ ಮಡಿಸುತ್ತಿದ್ದಳು. ಅದರಲ್ಲಿ ಜಾಹೀರಾತು — ನೀಲಿ ಬಾಗಿಲು, ಕೆಳಗೆ ನನ್ನ ಸಾಲು. ಇನ್ನು ತಡೆಯಲಾಗಲಿಲ್ಲ.

"ಅಕ್ಕ, ಆ ಮಾತು ನಂದು."

"ಗೊತ್ತು."

"ಗೊತ್ತಾ?"

"ಮ್ಯಾನೇಜರ್ ಅವತ್ತೇ ಹೇಳಿದ. 'ನಿಮ್ಮ ತಂಗಿ ಎಷ್ಟು ಚೆನ್ನಾಗಿ ಹೇಳಿದ್ರು' ಅಂತ." ಪೇಪರ್ ಮೇಜಿನ ಮೇಲೆ ಬಡಿದಳು. "ಒಂದು ತಿಂಗಳಿಂದ ಕಾಯ್ತಿದೀನಿ ಕಣೇ! ಇವತ್ತು ಬಾಯಿ ಬಿಡ್ತಾಳೆ, ನಾಳೆ ಬಿಡ್ತಾಳೆ ಅಂತ! ನನ್ನ ಮುಖ ನೆನೆಸ್ಕೋಬೇಡ ಅಂದಿದ್ನಾ ಇಲ್ವಾ?"

"ನಿನಗೋಸ್ಕರ ತಾನೇ..."

"ಯಾರು ಕೇಳಿದ್ರು? ನಾನೇನು ಕೈಲಾಗದವಳಾ, ನೀನು ಸುಳ್ಳು ಹೇಳಿ ನಂಗೆ ಅನ್ನ ಹಾಕೋಕೆ? ಹೋದ್ರೆ ಹೋಗ್ಲಿ ಅಂತ ಆವಾಗಲೇ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಒಳ್ಳೇದಕ್ಕೆ ಜಾಗ ಬಿಟ್ಟು ಹೋದೆ ಅಂತಾದ್ರೂ ಇರ್ತಿತ್ತು. ಅದನ್ನೂ ಕಿತ್ಕೊಂಡ್ಬಿಟ್ಟೆ!"

ನನ್ನ ದನಿಯೂ ಏರಿತು. ಇಷ್ಟು ದೊಡ್ಡ ದನಿ ನನಗಿದೆ ಅಂತಲೇ ಗೊತ್ತಿರಲಿಲ್ಲ. "ಹಂಗಿದ್ರೆ ಅವತ್ತೇ ಬೈಬೇಕಿತ್ತು! ಹದಿನೆಂಟು ವರ್ಷ ಇನ್ಯಾರದೋ ಗಂಡನ್ನ ಬೈದೆ. ನನ್ನೊಬ್ಬಳನ್ನ ಬೈಯೋಕೆ ಬಾಯಿ ಬರ್ಲಿಲ್ವಾ? ಗಿಡಕ್ಕೆ ನೀರು ಹಾಕ್ಕೊಂಡು ಕೂತ್ಕೊಂಡೆ!"

"ಬೈಯ್ತೀನಿ! ಈಗ ಬೈಯ್ತೀನಿ! ಕೂತ್ಕೋ ಅಲ್ಲಿ!"

ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ. ಗರಗರ ದನಿಯಲ್ಲೇ, ನಾನು ಬರೆಯದ ಮಾತುಗಳು. ಚಿಕ್ಕಂದಿನಿಂದ ಹಿಡಿದು. ಹಾಲು ಉಕ್ಕಿ ಒಲೆ ಆರಿತು. ಇಬ್ಬರೂ ನೋಡಿದೆವು. ಇಬ್ಬರೂ ಏಳಲಿಲ್ಲ. 'ಉಕ್ಕುತ್ತದೆ' ಅಂತಲೇ ಇದ್ದಿರಬೇಕು.

ಬಾಗಿಲು ಬಡಿದ ಸದ್ದು. ಅಕ್ಕನೇ ಕಣ್ಣೊರೆಸಿಕೊಂಡು ತೆಗೆದಳು. ನಾನು ಹಿಂದೆ. ಪಕ್ಕದ ಮನೆ ನರ್ಸ್, ಯೂನಿಫಾರ್ಮಿನಲ್ಲಿ, ಒಂದೇ ಕಾಲಿಗೆ ಶೂ. ನಮ್ಮಿಬ್ಬರನ್ನೂ ದಾಟಿ ಒಳಗೆ ಹಣಕಿ ನೋಡಿ, ಎದೆಯ ಮೇಲೆ ಕೈ ಇಟ್ಟುಕೊಂಡಳು —

"ಸದ್ಯ, ಮತ್ತೆ ಶುರುವಾಯ್ತಲ್ಲ! ಒಂದು ತಿಂಗಳಿಂದ ಒಂದು ಬೈಗುಳವೂ ಇಲ್ಲ. ಯಜಮಾನ್ರಿಗೇ ಏನೋ ಆಗಿಹೋಯ್ತು ಅಂತ ಹೆದರಿಬಿಟ್ಟಿದ್ದೆ..."