ನಮ್ಮ ತಾಲ್ಲೂಕಿನಲ್ಲಿ ಇಲ್ಲದ ಹೆಂಗಸು

ತಿರುಮಕೂಡಲು ನರಸೀಪುರ
25-4-1923

ಪೂಜ್ಯ ಅಪ್ಪಾಜಿಯವರಿಗೆ ನಿಮ್ಮ ರುದ್ರಿ ಮಾಡುವ ಶರಣು.

ನಂಜನಗೂಡಿನಿಂದ ಮಗುವಿನೊಡನೆ ಬಂದು ತಿಂಗಳಾದರೂ ಒಂದು ಕಾಗದ ಹಾಕಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಬರೆಯಲು ಕೂತರೆ ಮಗು ಅಳುತ್ತಾಳೆ. ಅವಳು ಮಲಗಿದರೆ ನನಗೆ ನಿದ್ದೆಯಿಲ್ಲ, ಉಸಿರಾಡುತ್ತಿದ್ದಾಳೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. "ಕಾಲೇಜು ಓದಿದೋಳು ಇಂಗಾ ಎದ್ರುಕೊಳ್ಳೋದು?" ಎಂದು ಅತ್ತೆ ನಗುತ್ತಾರೆ. ಮಗುವಿಗೆ ತೇಯಲು ಅವ್ವ ಕೊಟ್ಟ ಬಜೆ ಮುಗಿಯಿತು.

ನಿಮ್ಮ ಅಳಿಯಂದಿರಿಗೆ ಪುರುಸೊತ್ತಿಲ್ಲ. ರಾಜ್ಯಾಡಳಿತದ ಸುಧಾರಣೆಯ ಕರಡು ಬಂದಿದೆಯಲ್ಲ. ತಾಲ್ಲೂಕಿನ ಪ್ರತಿನಿಧಿಯಾಗಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಒಪ್ಪಿಗೆ ಹೇಳುವ ಮುಂಚೆ ರೈತರನ್ನು ಕೇಳಬೇಕೆಂದು, ಭಾನುವಾರ ನಮ್ಮ ಜಗಲಿಯಲ್ಲಿ ಇಪ್ಪತ್ತು ಜನರನ್ನು ಸೇರಿಸಿದ್ದರು. ಇಂಗ್ಲಿಷಿನ ಕರಡನ್ನು ಕನ್ನಡಕ್ಕೆ ಮಾಡಿಕೊಟ್ಟವಳು ನಾನೇ, ತೊಟ್ಟಿಲು ತೂಗುತ್ತ. ಬಾಗಿಲ ಹಿಂದೆ ನಿಂತು ಕೇಳಿದೆ.

ಗಂಡಸಿನಂತೆ ಗೊತ್ತುಪಡಿಸಿದಷ್ಟು ಕಂದಾಯ ಕಟ್ಟುವ, ಆಸ್ತಿಯುಳ್ಳ ಹೆಂಗಸಿಗೂ ಓಟು ಕೊಡಬಹುದೇ ಎಂಬ ಮಾತು ಬಂತು.

"ಎಂಗುಸ್ರು ಓಟಾಕಕೆ ಓದ್ರೆ ಮುದ್ದೆ ತೊಳ್ಸೋರು ಯಾರು ಸಾ?" ಎಂದ ಚಾಮಯ್ಯ.

"ನೀನೇ ತೊಳ್ಸು ಕಣ್ಲಾ. ಜಗಲಿ ಮ್ಯಾಲೆ ಕೂತ್ಕಂಡು ಎಲೆ ಅಡಿಕೆ ಅಗ್ಯೋದ್ ಬುಟ್ರೆ ಇನ್ನೇನ್ ಕೆಲ್ಸ ಅದೆ ನಿಂಗೆ?" ಎಂದ ಮಲ್ಲಯ್ಯ.

ನಗು ಇಳಿಯಲು ಬಿಟ್ಟು ಇವರು, "ಅಷ್ಟು ಕಂದಾಯ ಕಟ್ಟೋ ಹೆಂಗಸು ನಮ್ಮ ತಾಲ್ಲೂಕಲ್ಲಿ ಒಬ್ಬಳೂ ಇಲ್ಲ ಕಣ್ರಪ್ಪ. ಇಲ್ಲದೋಳಿಗೆ ಓಟು ಕೊಟ್ಟರೆ ನಮಗೇನು ನಷ್ಟ?" ಎಂದರು. ಎಲ್ಲರೂ ತಲೆಯಾಡಿಸಿ ಮುಂದಿನ ಕಲಮಿಗೆ ಹೋದರು.

ಒಬ್ಬಳೂ ಇಲ್ಲವೇ ಅಪ್ಪಾಜಿ? ಮದುವೆಯಲ್ಲಿ ನೀವು ನನ್ನ ಹೆಸರಿಗೆ ಬರೆದ, ಕಪಿಲೆ ದಂಡೆಯ ಎಂಟು ಎಕರೆ ಗದ್ದೆ ಈ ತಾಲ್ಲೂಕಿನಲ್ಲೇ ಇದೆಯಲ್ಲ? ಓಟಿಗೆ ಸಾಲುವಷ್ಟು ಕಂದಾಯದ ರಸೀದಿ ನನ್ನ ಹೆಸರಿಗೇ ಬರುತ್ತಿತ್ತು. ಈ ವರ್ಷ ಬಂದಿಲ್ಲ.

ಬಡಿಸುವಾಗ ಕೇಳಿದೆ. "ಬಾಣಂತಿ ತಲೆಗೆ ಇವೆಲ್ಲ ಯಾಕೆ? ಮಗು ನೋಡ್ಕೋ" ಎಂದವರು, ಎಂದೂ ಮಜ್ಜಿಗೆ ಮುಟ್ಟದವರು ಅಂದು ಎರಡು ಸಲ ಹಾಕಿಸಿಕೊಂಡರು. ಅಂದಿನಿಂದ ಕಾಗದಪತ್ರದ ಪೆಟ್ಟಿಗೆಗೆ ಬೀಗ ಬಿದ್ದಿದೆ. ಶಾನುಭೋಗರು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಅತ್ತೆ ಮೂರು ದಿನದಿಂದ ಕಾರಣವಿಲ್ಲದೆ ಒಳ್ಳೆಯವರಾಗಿದ್ದಾರೆ. ನಿದ್ದೆಗೆಟ್ಟವಳಿಗೆ ಕಂಬವೂ ಕಳ್ಳನಂತೆ ಕಾಣುತ್ತದೆ ಎನ್ನುತ್ತೀರೇನೋ.

ಆದರೆ ಒಂದು ನೆನಪು ಕೊರೆಯುತ್ತಿದೆ. ಹೆರಿಗೆಯಾದ ಹನ್ನೆರಡನೆಯ ದಿನ ಇವರು ನಂಜನಗೂಡಿಗೆ ಮಗು ನೋಡಲು ಬಂದಾಗ, "ಬರೋ ಓಟಿನ ಪಟ್ಟಿಗೆ ಬೇಕು, ಒಂದು ರುಜು ಹಾಕು" ಎಂದು ಕಾಗದ ಹಿಡಿದರು. ನನ್ನ ಹೆಸರೂ ಸೇರುತ್ತದೆಂದು ಹಿಗ್ಗಿ, ಓದದೆ ಹಾಕಿದೆ.

ಶಾನುಭೋಗರ ಹೆಂಡತಿ ನನ್ನಲ್ಲಿ ಅಕ್ಷರ ಕಲಿತವರು. ಗಂಡನ ದಫ್ತರದಲ್ಲಿ ಆ ಕಾಗದವಿದ್ದರೆ ನಕಲು ಮಾಡಿ ಕಳಿಸಿರೆಂದು ಹೇಳಿಕಳಿಸಿದ್ದೇನೆ. ಗದ್ದೆಯ ಖಾತೆಯನ್ನು ಇವರ ಹೆಸರಿಗೆ ಮಾಡಿಸಲು ನಾನು ಕೊಟ್ಟ ಒಪ್ಪಿಗೆ ಅದಾಗಿದ್ದರೆ, ಮೈಸೂರಿನ ಸಭೆಗೆ ಮುಂಚೆ ನೀವು ಬಂದು ತಕರಾರು ಅರ್ಜಿ ಕೊಡಿಸಬೇಕು. ಗದ್ದೆ ನನ್ನದಷ್ಟೇ ಅಲ್ಲ, ನಾಳೆ ಈ ಮಗುವಿನದು. ಈ ಮನೆಯಲ್ಲಿ ಯಾರನ್ನೂ ನಂಬಲಾರೆ. ನೀವಿದ್ದೀರಿ ಎಂಬುದೊಂದೇ ಧೈರ್ಯ.

ಅವ್ವನಿಗೆ ಶರಣು ತಿಳಿಸಿ. ನಿಮ್ಮ ಮೊಮ್ಮಗಳನ್ನು ಮನಸಾರೆ ಹರಸಿ. ನಂಜುಂಡೇಶ್ವರ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿಮ್ಮ ಮಗಳು
ರುದ್ರಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ನಕಲು ಬಂತು. ಖಾತೆ ಬದಲಾವಣೆಯ ಒಪ್ಪಿಗೆಯೇ. ನನ್ನ ಹೆಸರಿನ ಕೆಳಗೆ, "ಸಾಕ್ಷಿ: ನಂಜನಗೂಡು ಶಿವಮಲ್ಲಪ್ಪ" ಎಂದು ನಿಮ್ಮ ರುಜು. ಈಗ ನೆನಪಾಗುತ್ತಿದೆ, ನಾನು ರುಜು ಹಾಕುವಾಗ ಮಗುವನ್ನು ಎತ್ತಿಕೊಂಡಿದ್ದವರು ನೀವು. "ಬೇಗ ಹಾಕವ್ವ, ಕೂಸು ಹಸ್ಕೊಂಡದೆ" ಅಂದಿರಿ. ನೀವು ಬರುವುದು ಬೇಡ ಅಪ್ಪಾಜಿ. ತಕರಾರು ಅರ್ಜಿಯನ್ನು ನಾನೇ ಬರೆಯುತ್ತೇನೆ. ಅದರಲ್ಲಿ ನಿಮ್ಮ ಹೆಸರೂ ಬರುತ್ತದೆ.