ಸುಣ್ಣ ಹೊಡೆಸುವ ಮುಂಚೆ

ಹಾಸ್ಟೆಲ್, ಟಿ. ದಾಸರಹಳ್ಳಿ
೧೪ ಮಾರ್ಚ್ ೨೦೧೧

ನನ್ನ ಮುದ್ದು ರಾಮಜ್ಜಿಗೆ,

ಫೋನಿರುವಾಗ ಪತ್ರ ಬರೆಯುತ್ತಿರುವುದಕ್ಕೆ ಸಾರಿ. ಫೋನಲ್ಲಾದರೆ ನೀನು ಅರ್ಧಕ್ಕೇ ಬೈದು ಇಟ್ಟುಬಿಡುತ್ತೀಯ. ಪತ್ರವನ್ನಾದರೆ ಬೈಯುತ್ತಲೇ ಕೊನೆಯವರೆಗೂ ಓದುತ್ತೀಯ. ಐದನೇ ಕ್ಲಾಸಿಂದ ಹಾಸ್ಟೆಲಲ್ಲಿ ಬೆಳೆದವಳ ಕನ್ನಡ, ಅಡ್ಜಸ್ಟ್ ಮಾಡಿಕೊ.

ಯುಗಾದಿಗೆ ಕೆಳಗಿನ ಬಾಡಿಗೆ ಮನೆಗೆ ಸುಣ್ಣ ಹೊಡೆಸುತ್ತೀಯಂತೆ, ಚಿಕ್ಕಪ್ಪ ಹೇಳಿದರು. ಅಲ್ಲಿರುವ ಸಿದ್ದಮ್ಮಕ್ಕನ ಅಡುಗೆಮನೆ ಗೋಡೆಯನ್ನು ಮಾತ್ರ ಈಗಲೇ ಮುಟ್ಟಿಸಬೇಡ, ಪ್ಲೀಸ್.

ಸಂಕ್ರಾಂತಿಗೆ ಬಂದಾಗ ಆ ಗೋಡೆಯ ಹಸಿರು ಬೂಷ್ಟನ್ನು ಒಂಚೂರು ಕೆರೆದು ಕಾಲೇಜಿನ ಪ್ರಯೋಗಕ್ಕೆ ತಂದಿದ್ದೆ. ಬೇರೆಯವರೆಲ್ಲ ಮಣ್ಣು, ಕೊಳೆತ ಎಲೆ ತಂದಿದ್ದರು. “ಗುರು, ಇವಳು ಬಾಡಿಗೆ ಮನೇನೇ ಕೆರ್ಕೊಂಡು ಬಂದವ್ಳೆ!” ಅಂತ ನಮ್ಮ ಕ್ಲಾಸಿನ ಶಶಿಕುಮಾರನ ಗೇಲಿ. ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಗಳಲ್ಲಿ ನಟ್ಟನಡುವೆ ಅವರವರು ತಂದದ್ದರಿಂದ ಬೆಳೆದ ಬೂಷ್ಟು ಇಟ್ಟೆವು. ನನ್ನದರ ಸುತ್ತ ಮಾತ್ರ ಬ್ಯಾಕ್ಟೀರಿಯಾ ಸತ್ತು, ಸಾರಿಸಿದ ಅಂಗಳದ ಹಾಗೆ ದುಂಡಗೆ ಕ್ಲೀನ್! ಏನೋ ಕೆಟ್ಟುಹೋಯಿತೆಂದು ನಾನು ತೊಳೆಯಲು ಹೊರಟಿದ್ದೆ. ನಮಗೆ ಪಾಠ ಮಾಡುವ ಮಹಾಲಕ್ಷ್ಮಿ ಮೇಡಂ ಕೈ ಹಿಡಿದು, “ಏ, ನಿಲ್ಲೇ! ಇದ್ರಲ್ಲಿ ಹೊಸ ಆ್ಯಂಟಿಬಯೋಟಿಕ್ಕೇ ಇರ್ಬೋದು ಕಣೇ” ಅಂದರು. ಹೊಸದೋ ಹಳೆಯದೋ ಅಂತ ನಮ್ಮ ಬೊಮ್ಮಸಂದ್ರದ ಒಂದು ಔಷಧಿ ಕಂಪನಿಯ ಲ್ಯಾಬಲ್ಲೇ ನೋಡಿಸುತ್ತಾರಂತೆ.

ಅಷ್ಟರಲ್ಲಿ ಯಾವುದೋ ಕರಿ ಬೂಷ್ಟು ಹಬ್ಬಿ ನನ್ನ ತಟ್ಟೆಯನ್ನೇ ನುಂಗಿತು. ಈಗ ಅದೇ ಗೋಡೆಯದು ಮತ್ತೆ ಬೇಕು ಅಜ್ಜಿ. ಸಿಕ್ಕಿದರೆ ರಜೆಯಲ್ಲಿ ಮೇಡಂ ಜೊತೆ ಇದರ ಮೇಲೇ ಕೆಲಸ, ಇಲ್ಲದಿದ್ದರೆ ಇಲ್ಲ. ಟೆನ್ಷನ್ನಲ್ಲಿ ಉಗುರೆಲ್ಲ ಖಾಲಿ.

ಬರುವ ಭಾನುವಾರ ಬಂದು ಕೆರೆದುಕೊಳ್ಳುತ್ತೇನೆ. ಸಿದ್ದಮ್ಮಕ್ಕನಿಗೆ ಫೋನಲ್ಲಿ ಕೇಳಿದೆ. “ಎಲ್ಡು ವರ್ಸದಿಂದ ಸುಣ್ಣ ಒಡ್ಸಿ ಅಂದ್ರೆ ನಿಮ್ಮಜ್ಜಿ ಒಲ್ಲೆ ಅಂದ್ರು. ಈಗ ಅವ್ರು ಊಂ ಅಂದ್ರೆ ನೀನು ಬ್ಯಾಡ ಅಂತೀಯ. ಒಳ್ಳೇ ಅಜ್ಜಿ, ಒಳ್ಳೇ ಮೊಮ್ಮಗ್ಳು ಕಣವ್ವ!” ಅಂತ ನಕ್ಕರು. ಭಾನುವಾರದವರೆಗೆ ಒಪ್ಪಿದ್ದಾರೆ.

ನಿನ್ನ ಪುಕ್ಕಲು ಮೊಮ್ಮಗಳು,
ವೇಣಿ

ತಾ.ಕ.: ಬೈಯಬೇಡ. ಸಿದ್ದಮ್ಮಕ್ಕ ಒಳಗೆ ಬಟ್ಟೆ ಒಣಹಾಕಿ ಗೋಡೆ ಕೆಡಿಸಿದಳು ಅನ್ನುತ್ತೀಯಲ್ಲ, ಅದು ಸುಳ್ಳು. ನೇರ ಮೇಲೆ ನಮ್ಮ ಬಚ್ಚಲಿದೆ. ಸಂಕ್ರಾಂತಿಗೆ ಬಂದಾಗ, ನೀನು ಸ್ನಾನ ಮಾಡುವಾಗ ಕೆಳಗೆ ನಿಂತು ನೋಡಿದೆ, ಗೋಡೆಯಿಂದ ನೀರು ಜಿನುಗುತ್ತದೆ. ಬಚ್ಚಲಿನ ಸೋರುವ ಪೈಪ್ ಹಾಗೇ ಬಿಟ್ಟರೆ ಎಷ್ಟು ಸುಣ್ಣ ಬಳಿದರೂ ಬೂಷ್ಟು ಮತ್ತೆ ಬರುತ್ತದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನನಗೇ ಲಾಭ, ಬೇಕೆಂದಾಗ ಸಿಗುತ್ತಿತ್ತು. ಆದರೆ ಫೋನಲ್ಲಿ ಸಿದ್ದಮ್ಮಕ್ಕನ ಮಗು ಒಂದೇ ಸಮ ಕೆಮ್ಮುತ್ತಿತ್ತು, ಆ ಬೂಷ್ಟಿಗೇ ಇರಬೇಕು. ನಾನು ಕೆರೆದುಕೊಂಡ ಮರುದಿನ, ಸೋಮವಾರವೇ ಪ್ಲಂಬರನ್ನು ಕರೆಸು, ಆಮೇಲೆ ಸುಣ್ಣ. ಹಾಗಾಗಿ ನನಗಿರುವುದು ಆ ಭಾನುವಾರ ಒಂದೇ. ಆಗಲಿ ಅಂತೀಯೋ ಇಲ್ಲವೋ, ಬೇಗ ಉತ್ತರ ಕೊಡು.